ಗಂಗಾಧರನ ಮೂಗು

ಇವತ್ತು ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬರುತ್ತಿದ್ದಾಗ ಬಸ್ಸಿನ ಕಂಡಕ್ಟರ್ ಕೂಗಿದ: "ಗಂಗಾಧರನ್ ಬಿಲ್ಡಿಂಗ್ ಯಾರ್ರೀ? ಬೇಗ ಇಳೀರಿ!" ಆಗ ನೀವು ನನ್ನ ಮುಖ ನೋಡಬೇಕಿತ್ತು. ಹಸಿ ಹುಣಸೆಕಾಯಿ ಕಚ್ಚಿದವನ ಹಾಗಿತ್ತು. ಆ ಕಟ್ಟಡದಲ್ಲಿ ಗಂಗಾಧರನದು ಒಂದು ಇಟ್ಟಿಗೆಯೂ ಇಲ್ಲ. ಜಾಗ ಪುರಸಭೆಯದು, ಕಟ್ಟಿಸಿದ್ದು ಬೆಂಗಳೂರಿನ ಬಿಲ್ಡರ್. ಯೋಚನೆ? ಯೋಚನೆ ನನ್ನದು ಸ್ವಾಮಿ!

ನಮ್ಮ ಬೀದಿಯ ಕೊನೆಗೆ ಮೊದಲು ದನದ ದೊಡ್ಡಿ ಇತ್ತು. ಬೀದಿ ದನಗಳನ್ನು ಹಿಡಿದು ಕೂಡಿಹಾಕುತ್ತಿದ್ದ ಜಾಗ. ನಾನು ಕಾಣುವ ಹೊತ್ತಿಗೆ ದನಗಳೂ ಇಲ್ಲ, ಹಿಡಿಯುವವರೂ ಇಲ್ಲ. ಜಾಲಿ ಗಿಡ, ಮುರಿದ ಗೇಟು, ಅಷ್ಟೆ. ಊರಿನ ನಟ್ಟನಡುವೆ, ರೇಷ್ಮೆಗೂಡಿನ ಮಾರ್ಕೆಟ್ಟಿನ ಪಕ್ಕದಲ್ಲೇ ಇಷ್ಟು ದೊಡ್ಡ ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ನನಗೆ ಸಂಕಟ. ಚಿಕ್ಕಬಳ್ಳಾಪುರದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಓದಿ ಓದಿ ಒಂದು ವಿದ್ಯೆ ಕಲಿತಿದ್ದೆ: ಸರ್ಕಾರ ಜಾಗ ಕೊಡಬೇಕು, ಖಾಸಗಿಯವರು ಕಟ್ಟಬೇಕು, ಒಂದಷ್ಟು ವರ್ಷ ನಡೆಸಿ ವಾಪಸ್ಸು ಕೊಡಬೇಕು. ಕೆಳಗೆ ಅಂಗಡಿ, ಮೇಲೆ ಮನೆ. ಇದಕ್ಕೆ ಪಿಪಿಪಿ ಎಂದು ಹೆಸರು. ಯಾವ ಕಾಲೇಜೂ ನನಗೆ ಇದನ್ನು ಕಲಿಸಲಿಲ್ಲ. ನಾನು ಮಾತ್ರ ಸಿಕ್ಕಿದವರಿಗೆಲ್ಲ ಕಲಿಸುತ್ತಿದ್ದೆ. "ಏನೋ ಅದು ಪೀಪಿ ಪೀಪಿ? ಓಲಗದೋರ್ ಜೊತೆ ಸೇರ್ಕೊಂಡ್ಯಾ?" ಎನ್ನುತ್ತಿದ್ದಳು ಅಮ್ಮ.

ಗಂಗಾಧರ ನನ್ನ ದೊಡ್ಡಮ್ಮನ ಮಗ, ಗೌರಿಬಿದನೂರಿನವನು. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ. ರಜೆಗೆ ನಮ್ಮಲ್ಲಿಗೆ ಬಂದಾಗಲೆಲ್ಲ ಬಸ್ ಇಳಿಯುತ್ತಲೇ ಮೂಗಿಗೆ ಕರ್ಚೀಫು ಕಟ್ಟುತ್ತಿದ್ದ. "ಹೆಂಗಿರ್ತೀರಪ್ಪಾ ಈ ವಾಸ್ನೇಲಿ?" ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಮ್ಮ ಬೀದಿ ತುಂಬ ನೂಲು ಬಿಚ್ಚುವ ಮನೆಗಳು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳದ ರಾಶಿ ಬಾಗಿಲಲ್ಲೇ. ಆ ವಾಸನೆಯಲ್ಲೇ ಹುಟ್ಟಿದವರಿಗೆ ಅದು ಬರೀ ಗಾಳಿ.

ಪುರಸಭೆ ಮೆಂಬರ್ ಮುನಿಯಪ್ಪಣ್ಣನ ಹಿಂದೆ ಬಿದ್ದು ಬಿದ್ದು ಕೇಳಿದ ಮೇಲೆ, ಕೊನೆಗೂ ಅವರು ಒಬ್ಬ ಬಿಲ್ಡರನ್ನು ಕರೆಸಿದರು. ನಾನು ಇಸ್ತ್ರಿ ಅಂಗಿ ಹಾಕಿ, ನನ್ನ ನಕ್ಷೆಯನ್ನು ರಟ್ಟಿಗೆ ಅಂಟಿಸಿ, ರಟ್ಟು ಹಿಡಿದುಕೊಳ್ಳಲಿ ಎಂದು ಗಂಗಾಧರನನ್ನೂ ದೊಡ್ಡಿಯ ಹತ್ತಿರ ಕರೆದುಕೊಂಡು ಹೋದೆ. ಇದನ್ನು ದಯವಿಟ್ಟು ನೆನಪಿಡಿ: ಕರೆದುಕೊಂಡು ಹೋದವನು ನಾನೇ.

ಬಿಲ್ಡರ್ ಕಾರಿಂದ ಇಳಿದವರೇ ಮೂಗು ಮುಚ್ಚಿಕೊಂಡರು. "ಏನ್ರೀ ಇದು ವಾಸ್ನೆ?"

ಮುನಿಯಪ್ಪಣ್ಣ ನನ್ನನ್ನು ನೋಡಿದರು, ನಾನು ಅವರನ್ನು. "ಯಾವ ವಾಸ್ನೆ ಸಾರ್?" ಎಂದೆ. ಆಣೆಗೂ ನನಗೆ ಗೊತ್ತಾಗಿರಲಿಲ್ಲ.

"ಇಲ್ಲಿ ಮನೆ ಕಟ್ಟಿದ್ರೆ ಯಾರ್ ಬರ್ತಾರೆ? ಹೊರಗಿನೋರು ಒಂದಿನ ಇರಲ್ಲ," ಎಂದು ಅವರು ಕಾರಿನ ಬಾಗಿಲಿಗೆ ಕೈ ಹಾಕಿದರು.

ಆಗ ರಟ್ಟಿನ ಹಿಂದಿನಿಂದ ಗಂಗಾಧರನ ದನಿ: "ಮನೆ ಬ್ಯಾಡ ಬಿಡಿ ಸಾರ್. ಗೂಡು ಮಾರೋಕೆ ದೂರದಿಂದ ರೈತರು ಹಿಂದಿನ ದಿನಾನೇ ಬಂದು ಮಾರ್ಕೆಟ್ ಜಗಲಿ ಮೇಲೆ ಬಿದ್ಕೊಂಡಿರ್ತಾರೆ. ಮೇಲೆ ಅವ್ರಿಗೆ ರೂಮ್ ಮಾಡಿ. ಹುಳದ್ ಜೊತೆ ಬದುಕೋರು, ಈ ವಾಸ್ನೆ ಅವ್ರಿಗೆ ಲೆಕ್ಕಕ್ಕಿಲ್ಲ."

ಬಿಲ್ಡರ್ ತಿರುಗಿದರು. "ನಿನ್ ಹೆಸ್ರೇನಪ್ಪಾ?"

ಅಲ್ಲಿಯವರೆಗೆ ನನ್ನ ಹೆಸರನ್ನು ಅವರು ಕೇಳಿರಲಿಲ್ಲ, ನೋಡಿ. ಮುನಿಯಪ್ಪಣ್ಣ ಅವನ ಹೆಗಲ ಮೇಲೆ ಕೈ ಹಾಕಿ, "ನಮ್ ಹುಡುಗ ಸಾರ್!" ಎಂದೇಬಿಟ್ಟರು.

ಅವನು ನನಗಿಂತ ಹೆಚ್ಚು ಓದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಜಗಲಿಯ ಮೇಲೆ ಮಲಗಿದ ಆ ರೈತರನ್ನು ನಾನು ದಿನಾ ದಾಟಿಕೊಂಡೇ ಓಡಾಡುತ್ತಿದ್ದೆ. ರಜೆಗೆ ಬರುವವನಿಗೆ ಅವರು ಕಂಡರು, ನನಗೆ ಕಾಣಲಿಲ್ಲ. ಉರಿ ಇರುವುದು ಅಲ್ಲಿ. ಕಟ್ಟಡ ಎದ್ದಿತು, ರೂಮುಗಳು ತುಂಬಿದವು, ಮುನಿಯಪ್ಪಣ್ಣ ಊರೆಲ್ಲ ಗಂಗಾಧರನ ಹೆಸರು ಹೇಳಿದರು. ನಾನು ಆ ರಸ್ತೆ ಬಿಟ್ಟು ಹಿಂದಿನ ಓಣಿ ಹಿಡಿದೆ. "ಹೊಟ್ಟೆಕಿಚ್ಚಿಗೆ ದಿನಾ ಇಷ್ಟು ಸುತ್ತು ಹಾಕಿದ್ರೆ ಚಪ್ಲಿ ಸವೀತದೆ ಕಣಪ್ಪಾ," ಎಂದಳು ಅಮ್ಮ.

ಇವತ್ತು ಬಸ್ಸಿಳಿದು ಮನೆಗೆ ಬಂದರೆ ಅವನೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾನೆ!

"ಬಾರೋ. ಚಿಂತಾಮಣೀಲಿ ಹಳೇ ಜಟಕಾ ಸ್ಟ್ಯಾಂಡ್ ಖಾಲಿ ಬಿದ್ದದಂತೆ. ಏನಾದ್ರೂ ಹೇಳು ಅಂತ ನನ್ನ ಕರ್ದವ್ರೆ. ನಂಗೆ ಒಂದು ಗೆರೆ ನೆಟ್ಟಗೆ ಎಳ್ಯೋಕ್ ಬರಲ್ಲ. ನೀನೂ ಬಾ."

"ಬರ್ತೀನಿ. ಆದ್ರೆ ಈ ಸಲ ನನ್ ಹೆಸ್ರು," ಎಂದೆ. ಜಗಳಕ್ಕೆ ತೋಳೇರಿಸಿಕೊಂಡೇ ನಿಂತಿದ್ದೆ.

"ಹಾಕ್ಕೊಳೋ. ಹೆಸ್ರು ಕಟ್ಕೊಂಡು ನಂಗೇನಾಗ್ಬೇಕು? ಚಿಕ್ಕಮ್ಮಾ, ಇನ್ನೊಂಚೂರು ಚಟ್ನಿ."

ಇಷ್ಟು ವರ್ಷ ನಾನು ಯಾವುದಕ್ಕಾಗಿ ಬೆಂದೆನೋ ಅದನ್ನು ಅವನು ಎಂಜಲು ತಟ್ಟೆಯಷ್ಟೇ ಸಲೀಸಾಗಿ ಪಕ್ಕಕ್ಕೆ ಸರಿಸಿಬಿಟ್ಟ. ಈಗ ಆ ಸಲೀಸಿನ ಮೇಲೂ ಹೊಟ್ಟೆಕಿಚ್ಚು! ಒಂದು ತಟ್ಟೆ ತಂದು ಅವನ ಪಕ್ಕ ಕೂತೆ. ಬಾಯಿಗೆ ಬಂದಿದ್ದ ಪಿಪಿಪಿ ಪಾಠವನ್ನು ನುಂಗಿಕೊಂಡು, ಮೊಟ್ಟಮೊದಲ ಸಲ ಅವನನ್ನು ಕೇಳಿದೆ:

"ಆ ಸ್ಟ್ಯಾಂಡ್ ಹತ್ರ ಈಗ ಯಾರ್ಯಾರು ಕೂತಿರ್ತಾರೋ?"