ನಾಯಿಗಾಗಿ ಅಡಗುವ ಸಿಪಾಯಿ

ಬೆಳಕು ಹರಿಯುವ ಹೊತ್ತು. ಒಡೆದ ಕಾಂಕ್ರೀಟಿನ ರಾಶಿಯೊಳಗೆ ಸಿಪಾಯಿಯೊಬ್ಬರು ಮೊಣಕೈ ಊರಿ ತೆವಳಿ ಹೋಗುತ್ತಾರೆ. ಜೊತೆಗಾರ ಹಲಗೆ ಮುಚ್ಚುತ್ತಾನೆ. ಸ್ವಲ್ಪ ಹೊತ್ತಿಗೆ ರಾಣಿ ಎಂಬ ನಾಯಿ ಮೂಸುತ್ತ ಬಂದು, ಹಲಗೆ ಕೆರೆದು ಬೊಗಳುತ್ತದೆ. ಒಳಗಿನಿಂದ ಹಳೇ ಚೆಂಡು ಹಿಡಿದ ಕೈಯೊಂದು ಹೊರಬರುತ್ತದೆ. ರಾಣಿಯ ಬಾಲವನ್ನು ಆಗ ನೋಡಬೇಕು!

ಇದೇ ಇವರ ಕೆಲಸ, ನಂಬುತ್ತೀರಾ? ಭೂಕಂಪವಾದಾಗ ಬದುಕಿರುವವರನ್ನು ಹುಡುಕುವ ಸೇನೆಯ ನಾಯಿಗಳಿಗೆ ಅಡಗಿ ಕೂತು ಕಲಿಸುವುದು. ಪದಕ ನಾಯಿಗೆ, ಫೋಟೊ ನಾಯಿ ಹಿಡಿದವನಿಗೆ. ಇವರಿಗೆ ಸಿಕ್ಕಿದ್ದು ಬೆನ್ನುನೋವು, ಮತ್ತೆ 'ಹೆಗ್ಗಣ' ಎಂಬ ಅಡ್ಡಹೆಸರು.

"ಮಗಳು ಕಣ್ಣಾಮುಚ್ಚಾಲೆಗೆ ನನ್ನ ಸೇರಿಸ್ಕೊಳ್ಳಲ್ಲ ಸಾರ್. 'ಹೋಗಪ್ಪ, ನೀನು ಸಿಗೋದೇ ಇಲ್ಲ' ಅಂತಾಳೆ," ಎಂದು ನಗುತ್ತಾರೆ.

ಕಳೆದ ವರ್ಷದ ಭೂಕಂಪದ ಮಾತು ಬಂದದ್ದೇ ನಗು ನಿಲ್ಲುತ್ತದೆ. ಅಲ್ಲಿ ಎಷ್ಟು ಹುಡುಕಿದರೂ ರಾಣಿಗೆ ಸಿಕ್ಕಿದ್ದೆಲ್ಲ ಹೆಣಗಳೇ. ಕೊನೆಗೆ ಸೋತು ಮಲಗಿಬಿಟ್ಟಿತು. ನಾಯಿಯ ಮನಸ್ಸೂ ಮುರಿಯುತ್ತದೆ. ಆಗ ಬದುಕಿರುವ ಒಬ್ಬರು ಅದಕ್ಕೆ ಸಿಗಲೇಬೇಕು. ಹಾಗಾಗಿ ಇವರು ಕುಸಿದ ಮನೆಯೊಂದರ ಚಪ್ಪಡಿಯಡಿ ನುಸುಳಿದರು. ರಾಣಿ ಬೊಗಳಿತು.

"ಹೊರಗೆ ಒಬ್ರು ಅಮ್ಮ ಕಿರುಚಿದ್ದು ಕೇಳ್ತು. 'ನನ್ನ ಮಗ! ನನ್ನ ಮಗ ಬದುಕಿದಾನೆ!' ಅಂತ. ಒಳಗೇ ಕಲ್ಲಾಗ್ಹೋದೆ. ಆದ್ರೆ ಬರ್ದೇ ಇರೋಕಾಗುತ್ತಾ? ಬಂದೆ. ಕೈಯಲ್ಲಿ ಚೆಂಡು ಬೇರೆ."

ಮೊಣಕೈ ಧೂಳು ಒರೆಸಿಕೊಳ್ಳುತ್ತ ಹೇಳುತ್ತಾರೆ: "ಮೊದ್ಲೇ ಒಂದು ಮಾತು ಹೇಳ್ಬೇಕಿತ್ತು. ನಾಯಿ ಮನಸ್ಸು ನೋಡಿದ್ವಿ, ಆಯಮ್ಮನ ಮನಸ್ಸು ಯಾರೂ ನೋಡ್ಲಿಲ್ಲ."

ಆ ತಾಯಿ ಬೈಯಲಿಲ್ಲವಂತೆ. ಇವರ ತಲೆಯ ಧೂಳು ಕೊಡವಿ, "ಹೋಗ್ಲಿ ಬಿಡಪ್ಪ, ನಿನ್ನಮ್ಮ ಪುಣ್ಯ ಮಾಡಿದ್ಲು" ಎಂದರಂತೆ. ಅವರ ಮಗ ಬದುಕಿ ಬರಲಿಲ್ಲ.

ಈಗ ಎಲ್ಲೇ ಹೋದರೂ, ಅಡಗುವ ಮುಂಚೆ ಅಲ್ಲಿ ಕಾಯುತ್ತಿರುವವರ ಹತ್ತಿರ ಇವರೇ ಹೋಗುತ್ತಾರೆ. "ಈಗ ನಾಯಿ ಬೊಗಳುತ್ತೆ ಕಣಮ್ಮ. ಅದು ನಾನು" ಎನ್ನುತ್ತಾರೆ.

ರಾಣಿ ನಿಜವಾದ ಭೂಕಂಪದಲ್ಲಿ ಇನ್ನೂ ಯಾರನ್ನೂ ಜೀವಂತ ಹುಡುಕಿಲ್ಲ. ಸದ್ಯಕ್ಕೆ ಚೆಂಡನ್ನು ತಂದು ಇವರ ಕಾಲಬಳಿ ಹಾಕಿ, ಮತ್ತೆ ಅಡಗು ಎನ್ನುವಂತೆ ನೋಡುತ್ತಿದೆ. ನಿಮಗೇನು ಆಸೆ ಎಂದು ಕೇಳುತ್ತೇನೆ.

"ಒಂದೇ ಒಂದು ಸಲ ಸಾರ್," ಎನ್ನುತ್ತ ಅವರು ಮತ್ತೆ ಮೊಣಕೈ ಊರುತ್ತಾರೆ. "ಅಂಥ ಜಾಗದಲ್ಲಿ ಇವಳು ಬೊಗಳ್ದಾಗ, ನಾನು ಹೊರಗಡೆ ನಿಂತಿರ್ಬೇಕು."