ಕೆಂಪಿ ಬಂದ ಸಂಜೆ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವರ ಪೈಕಿ ನಾನೊಬ್ಬ. ಮರಾಮತ್ ಇಲಾಖೆಯಲ್ಲಿ ಓವರ್ಸಿಯರ್ ಆಗಿ ರಸ್ತೆ, ಮೋರಿ, ಕೆರೆ ಏರಿಗಳ ಕೆಲಸ ಮಾಡಿಸಿದವನು. ಅಳತೆಗೆ ಸಿಕ್ಕಿದ್ದನ್ನು ಮಾತ್ರ ಬರೆಯಬೇಕು ಎಂದು ಕಲಿತವನು. ಬೆಳಗ್ಗೆ ಐದಕ್ಕೆ ಏಳುವುದು, ಏಳಕ್ಕೆ ಮನೆ ಬಿಡುವುದು, ಸಂಜೆ ಆರಕ್ಕೆ ಮನೆ ಸೇರುವುದು, ಮಲಗುವ ಮುಂಚೆ ಆ ದಿನ ಯಾವ ಹೊತ್ತಿನಲ್ಲಿ ಎಲ್ಲಿದ್ದೆ, ಏನು ಮಾಡಿದೆ ಎಂದು ಡೈರಿಯಲ್ಲಿ ಬರೆಯುವುದು. ಒಂದೇ ಒಂದು ದಿನ ಬಿಟ್ಟರೆ ಇದು ಎಂದೂ ತಪ್ಪಿದ್ದಿಲ್ಲ. ಈಗ ಹೇಳಲಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಇದೇ ಮಾತನ್ನು ಬೇರೆಯವರು ನನಗೆ ಹೇಳಿದ್ದರೆ ಆ ಕಾಲದಲ್ಲಿ ನಾನೂ ನಗುತ್ತಿದ್ದೆ.

ಆಗ ನಾವು ತರೀಕೆರೆಯಲ್ಲಿದ್ದೆವು. ನನ್ನ ಬಳಿ ಎರಡೇ ಸೀಟಿನ ಒಂದು ಹಳೆಯ ಮೋಟಾರು ಇತ್ತು. ತನ್ನ ದೇಶಕ್ಕೆ ಹಿಂತಿರುಗುತ್ತಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡದ್ದು. ಕೆಂಪು ಬಣ್ಣ, ಉದ್ದನೆಯ ಮೂತಿ, ಮಡಿಸಿಡುವ ಕ್ಯಾನ್ವಾಸಿನ ಮುಸುಕು, ಬಲಗಡೆ ಹಿತ್ತಾಳೆಯ ಹಾರನ್ನು. ಏರು ರಸ್ತೆಯಲ್ಲಿ ಅದು ಓಡುವ ಓಟಕ್ಕೆ ಜಿಲ್ಲೆಯಲ್ಲಿ ಜೋಡಿ ಇರಲಿಲ್ಲ. ಮೇಲೆ ಗಟ್ಟಿ ಚಾವಣಿ ಇಲ್ಲದ್ದರಿಂದ ಅದರಲ್ಲಿ ಕೂತಾಗಲೆಲ್ಲ ನಾನು ಬೆಂಡಿನ ಟೋಪಿ ಹಾಕಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ದೇವನೂರು ಕಡೆಯ ಒಕ್ಕಲು ಮನೆತನದವಳು. ಗಾಡಿ ಮನೆಗೆ ಬಂದ ದಿನವೇ ಅದರ ಮೂತಿಗೆ ಅರಿಸಿನ ಕುಂಕುಮ ಇಟ್ಟು, ಹಸುವಿಗೆ ಹೆಸರಿಟ್ಟ ಹಾಗೆ ಕೆಂಪಿ ಎಂದು ಕರೆದಳು. ಅದೇ ಹೆಸರು ನಿಂತಿತು.

ನನ್ನ ಮಗಳು ಗೌರಿಗೆ ಆಗ ಐದು ವರ್ಷ. ಸಂಜೆ ಆರಕ್ಕೆ ನಾನು ಓಣಿಯ ಹುಣಸೆಮರದ ಹತ್ತಿರ ಬಂದು ಎರಡು ಸಲ ಹಾರನ್ ಒತ್ತುತ್ತಿದ್ದೆ. ಅವಳು ಓಡಿ ಬರುತ್ತಿದ್ದಳು. ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡು ಅಲ್ಲಿಂದ ಮನೆಯವರೆಗೆ ತರುತ್ತಿದ್ದೆ. ನೂರು ಗಜದ ಸವಾರಿ. ದಿನವೆಲ್ಲ ಅವಳು ಅದಕ್ಕಾಗಿಯೇ ಕಾಯುತ್ತಿದ್ದಳು ಎಂದು ಹೆಂಡತಿ ಹೇಳುತ್ತಿದ್ದಳು.

ಎರಡನೆಯ ಮಗು ಹುಟ್ಟಿದ ಮೇಲೆ ಕೆಂಪಿ ಸಾಲದೆ ಹೋಯಿತು. ನನ್ನ ತಾಯಿಗೆ ಮಂಡಿನೋವು, ಗಾಡಿ ಹತ್ತಲಾಗುತ್ತಿರಲಿಲ್ಲ. ಅಳತೆಯ ಸರಪಳಿ, ಗುದ್ದಲಿ, ಹಾರೆಗಳನ್ನು ಬೇರೆ ಎತ್ತಿನ ಗಾಡಿಯಲ್ಲಿ ಕಳಿಸಬೇಕಾಗಿತ್ತು. ಕಡೂರಿನಲ್ಲಿ ಬಾಷಾ ಸಾಹೇಬರೆಂಬವರ ಮೋಟಾರು ರಿಪೇರಿ ಶೆಡ್ಡು ಇತ್ತು. ಅವರ ಬಳಿ ಮರದ ಮೈಯ ಒಂದು ವ್ಯಾನು ಇದ್ದಿತು. ಎಂಟು ಜನ ಕೂರಬಹುದು, ಸಾಮಾನು ತುಂಬಬಹುದು. ಕೆಂಪಿಯನ್ನು ಕೊಟ್ಟು ಅದನ್ನು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆ. ನನಗೂ ಸಂಕಟವಾಗಿತ್ತು. ಆದರೆ ಸಂಕಟವನ್ನು ಯಾವ ಕಾಲಂನಲ್ಲಿ ಬರೆಯುವುದು?

ಕೊಡುವ ದಿನ ನನ್ನ ಮಾವನವರು ಊರಿಂದ ಬಂದಿದ್ದರು. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ದನ ಕೊಟ್ರೂ ಹಗ್ಗ ಕೊಡಬಾರ್ದು ಕಣ್ರೀ ಅಳಿಯಂದ್ರೇ" ಅಂದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಹಸುವನ್ನೋ ಎತ್ತನ್ನೋ ಮಾರಿದಾಗ ಕೊರಳ ಹಗ್ಗವನ್ನು ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಕೊಂಡವನು ತನ್ನ ಹಗ್ಗ ತರುತ್ತಾನೆ. ಹಗ್ಗ ಕೊಟ್ಟರೆ ಮನೆಯದೇನೋ ಒಂದು ಅದರ ಹಿಂದೆ ಹೋಗುತ್ತದೆ ಎಂಬ ನಂಬಿಕೆ. ಮೋಟಾರಿಗೆ ಹಗ್ಗ ಎಲ್ಲಿದೆ ಎಂದು ನಾನು ಕೇಳಿದೆ.

"ಬೆಳಗೆದ್ದು ಅದರ ಮೂತಿಗಾಕಿ ತಿರುವ್ತೀರಲ್ಲ, ಆ ಕಬ್ಬಿಣ. ಅದೇ ಅದರ ಹಗ್ಗ."

ಎಲ್ಲರೂ ನಕ್ಕೆವು. ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಬಾಷಾ ಸಾಹೇಬರು ಬಂದಾಗ ನಾನು ಒಂದು ಪಟ್ಟಿ ಮಾಡಿಟ್ಟಿದ್ದೆ. ಹೆಚ್ಚಿನ ಚಕ್ರ ಒಂದು, ಜಾಕ್ ಒಂದು, ಗಾಳಿ ಹಾಕುವ ಪಂಪು ಒಂದು, ಇಂಜಿನ್ ಚಾಲು ಮಾಡಲು ತಿರುಗಿಸುವ ಹ್ಯಾಂಡಲ್ ಒಂದು. ಒಂದೊಂದಾಗಿ ಕೊಟ್ಟು ಗುರುತು ಹಾಕುತ್ತ ಬಂದೆ. ಹ್ಯಾಂಡಲ್ ಕೊಡಹೋದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಇದೊಂದು ಬ್ಯಾಡ ಸ್ವಾಮಿ, ನೀವೇ ಮಡಿಕ್ಕಳಿ. ನಮ್ ಅಬ್ಬಾನೂ ಜಟಕಾಕ್ಕೆ ಕುದ್ರೆ ತಗಂಡ್ರೆ ಲಗಾಮು ತಗಂತಿರ್ಲಿಲ್ಲ. ನನ್ನ ಹತ್ರ ಬ್ಯಾರೆ ಐತೆ" ಅಂದರು. ನನಗೆ ರೇಗಿತು. ಪಟ್ಟಿಯಲ್ಲಿ ಬರೆದದ್ದನ್ನು ಕೊಡದೆ ಇರುವುದು ಹೇಗೆ? ತೆಗೆದುಕೊಂಡು ಸಹಿ ಮಾಡಿ ಎಂದು ಗದರಿದೆ. ಅವರು ನನ್ನ ಹೆಂಡತಿಯ ಮುಖ ನೋಡಿ, ಆಮೇಲೆ ಸಹಿ ಮಾಡಿದರು. ಗೌರಿ ಹುಣಸೆಮರದವರೆಗೆ ಕೆಂಪಿಯ ಹಿಂದೆ ಓಡಿ, ಅಲ್ಲೇ ನಿಂತಳು.

ಅವಳು ಅಳಲಿಲ್ಲ. ದಿನವೂ ಸಂಜೆ ಜಗಲಿಯ ಮೇಲೆ ಕೂತು ಕಿವಿಗೊಟ್ಟು ಕೇಳುತ್ತಿದ್ದಳು. ವ್ಯಾನು ಬಂದರೆ ಒಮ್ಮೆ ನೋಡಿ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಬೆಂಡಿನ ಟೋಪಿಯನ್ನು ಗೂಟಕ್ಕೆ ಹಾಕಿದವನು ಮತ್ತೆ ತೆಗೆಯಲಿಲ್ಲ. ವ್ಯಾನಿಗೆ ಚಾವಣಿ ಇತ್ತು.

ಇದಾಗಿ ಒಂದು ತಿಂಗಳಿರಬಹುದು. ಅಜ್ಜಂಪುರದಿಂದ ಅಂತರಘಟ್ಟೆಗೆ ಹೋಗುವ ರಸ್ತೆಯಲ್ಲಿ ಒಂದು ಮೋರಿಗೆ ಕಲ್ಲುಚಪ್ಪಡಿ ಕೂರಿಸುವ ಕೆಲಸ. ಕೊನೆಯ ಚಪ್ಪಡಿ ಅರ್ಧಕ್ಕೆ ಎತ್ತಿದಾಗ ಹಗ್ಗ ಕಿತ್ತುಹೋಯಿತು. ಅದನ್ನು ಹಾಗೇ ಬಿಟ್ಟು ಬರುವಂತಿರಲಿಲ್ಲ. ಗಡಿಯಾರ ನೋಡಿದೆ, ಆರು ಗಂಟೆ. ಅಷ್ಟು ವರ್ಷಗಳಲ್ಲಿ ಆ ಹೊತ್ತಿಗೆ ನಾನು ಮನೆಯಲ್ಲಿಲ್ಲದೆ ಹೋದದ್ದು ಅದೇ ಮೊದಲು. ಚಪ್ಪಡಿ ಕೂರಿಸಿ, ಆರೂಕಾಲಿಗೆ ಹೊರಟು, ಏಳು ಹೊಡೆದ ಮೇಲೆ ಓಣಿಗೆ ಬಂದೆ.

ಹುಣಸೆಮರದ ಹತ್ತಿರ ವ್ಯಾನಿನ ದೀಪ ಧೂಳಿನ ಮೇಲೆ ಬಿತ್ತು. ಧೂಳಿನಲ್ಲಿ ಚಕ್ರದ ಗುರುತು. ಕೆಂಪಿಯ ಹಿಂದಿನ ಎಡ ಟಯರಿಗೆ ನಾನೇ ಒಂದು ತೇಪೆ ಹಾಕಿಸಿದ್ದೆ. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಅದು ಚೌಕಾಕಾರದ ಗುರುತು ಬಿಡುತ್ತಿತ್ತು. ಆ ಚೌಕಗಳು ಒಂದರ ಹಿಂದೊಂದು ಮರದವರೆಗೆ ಬಂದು, ಅಲ್ಲಿ ತಿರುಗಿ, ಹೋಗಿದ್ದವು. ಬಾಷಾ ಸಾಹೇಬರು ಯಾವುದೋ ಕೆಲಸಕ್ಕೆ ಬಂದಿದ್ದರೇನೋ ಎಂದುಕೊಂಡೆ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ವ್ಯಾನನ್ನು ನೋಡಿ ಅವಳ ಮುಖ ಬದಲಾಯಿತು. "ಏನೂಂದ್ರೆ, ಮಗು ಎಲ್ಲಿ?" ಅಂದಳು.

ಯಾವ ಮಗು ಎಂದು ನಾನು ಕೇಳಿದೆ.

ಆರು ಗಂಟೆಗೆ ಅವಳು ಒಳಗೆ ದೀಪ ಹಚ್ಚುತ್ತಿದ್ದಳಂತೆ. ಹುಣಸೆಮರದ ಹತ್ತಿರ ಎರಡು ಸಲ ಹಾರನ್ ಕೇಳಿಸಿತು. ಕೆಂಪಿಯದೇ ಸದ್ದು. ಗೌರಿ ಕೆಂಪಿ ಬಂತು ಎಂದು ಕೂಗುತ್ತ ಓಡಿದಳು. ನಾನು ಮನಸ್ಸು ತಡೆಯದೆ ಹಳೆಯ ಗಾಡಿಯನ್ನೇ ವಾಪಸು ತಂದೆನೆಂದೂ, ಮಗುವನ್ನು ಒಂದು ಸುತ್ತು ಕರೆದುಕೊಂಡು ಹೋಗಿದ್ದೇನೆಂದೂ ತಿಳಿದು ಅವಳು ಸುಮ್ಮನಿದ್ದಳು. ಜಗಲಿಯಲ್ಲಿದ್ದ ನನ್ನ ತಾಯಿ, "ನೀನೇ ಅಲ್ವೇನೋ ಹತ್ತಿಸ್ಕಂಡು ಹೋಗಿದ್ದು? ತಲೆ ಮೇಲೆ ಟೋಪಿ ಇತ್ತಲ್ಲೋ" ಅಂದರು. ಅವರ ಕಣ್ಣು ಮಂದವಾಗಿ ಎರಡು ವರ್ಷವಾಗಿತ್ತು. ಅವರ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಆದರೂ ಗೂಟದ ಕಡೆ ನೋಡಿದೆ. ಟೋಪಿ ಅಲ್ಲೇ ಇತ್ತು.

ಮೊದಲು ಹಿತ್ತಿಲ ಬಾವಿ ನೋಡಿದೆ. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದೆ. ನೀರು ಅಲ್ಲಾಡದೆ ನಿಂತಿತ್ತು. ನೆರೆಹೊರೆಯವರು ಕೆರೆಯ ಕಡೆಗೂ ಸ್ಟೇಷನ್ನಿನ ಕಡೆಗೂ ಓಡಿದರು. ನಾನು ನನಗೆ ನಾನೇ ಒಂದು ಲೆಕ್ಕ ಹೇಳಿಕೊಂಡೆ. ಸಾಹೇಬರ ಕಡೆಯವರು ಯಾರೋ ಗಾಡಿಯನ್ನು ಓಡಿಸಿ ನೋಡಲು ತಂದಿದ್ದಾರೆ, ಮಗು ಹತ್ತಿದೆ, ಅವರು ನೋಡಿಕೊಂಡಿಲ್ಲ. ಅದಕ್ಕಿಂತ ಬೇರೆ ಏನಿರಲು ಸಾಧ್ಯ? ಕಡೂರಿಗೆ ಹೊರಟೆ.

ಆ ಇಪ್ಪತ್ತು ಮೈಲಿ ನಾನು ಹೇಗೆ ಓಡಿಸಿದೆನೋ ತಿಳಿಯದು. ವ್ಯಾನು ಭಾರದ ಗಾಡಿ, ಎಷ್ಟು ಒತ್ತಿದರೂ ಅದರ ಪಾಡಿಗೆ ಅದು ಹೋಗುತ್ತಿತ್ತು. ಕೆಂಪಿ ಇದ್ದಿದ್ದರೆ ಇಷ್ಟರಲ್ಲಿ ಮುಟ್ಟುತ್ತಿದ್ದೆ ಎಂದು ಒಮ್ಮೆ ಅನ್ನಿಸಿತು. ಬೀರೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೇಟಿನವನು ನನ್ನನ್ನು ಬಲ್ಲವನು. ಕೆಂಪು ಗಾಡಿ ಹೋಯಿತೇ ಎಂದು ಕೇಳಿದೆ. ಐದು ಗಂಟೆಯಿಂದೀಚೆಗೆ ಬಂದ ಮೋಟಾರು ನಿಮ್ಮದೊಂದೇ ಅಂದ. ಕಡೂರಿಗೆ ಹೋಗಲು ಮೋಟಾರಿಗೆ ಬೇರೆ ದಾರಿ ಇರಲಿಲ್ಲ. ಅಲ್ಲಿಂದಲೇ ಹಿಂತಿರುಗಬೇಕೆಂದು ಗೇರಿನ ಮೇಲೆ ಕೈ ಇಟ್ಟೆ. ಹಿಂತಿರುಗಿ ಹೋಗಿ ಹೆಂಡತಿಗೆ ಏನು ಹೇಳಲಿ? ಗೇಟು ತೆಗೆದಾಗ ಮುಂದಕ್ಕೇ ಹೋದೆ.

ಬಾಷಾ ಸಾಹೇಬರು ಊಟ ಮುಗಿಸಿ ಮನೆಯ ಮುಂದೆ ಕೂತಿದ್ದರು. ನನ್ನ ಮಾತು ಕೇಳಿ ಎದ್ದು ನಿಂತರು. "ಕೆಂಪು ಗಾಡೀನಾ? ಅದರ ಇಂಜಿನ್ ಇಳ್ಸಿ ಹತ್ತು ದಿವ್ಸ ಆತು ಸ್ವಾಮಿ. ನೆಲದ ಮ್ಯಾಲೆ ಬಿದ್ದೈತೆ. ಎಲ್ಲಿಂದ ಬತ್ತದೆ?" ಅಂದರು.

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಆದರೂ ತೋರಿಸಿ ಎಂದೆ. ಅವರು ಬೀಗದ ಕೈಯನ್ನು ಸೊಂಟದಿಂದ ತೆಗೆದರು. ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ ಬಿದ್ದಿತ್ತು. ಅವರು ಬೀಗ ತೆಗೆದರು, ನಾನು ಲಾಟೀನು ಎತ್ತಿ ಹಿಡಿದೆ.

ಕೆಂಪಿ ಕಲ್ಲುಗಳ ಮೇಲೆ ನಿಂತಿತ್ತು. ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ತೇಪೆ ಹಾಕಿದ ಟಯರು ಎಲ್ಲಕ್ಕಿಂತ ಮುಂದಿತ್ತು. ಅದಕ್ಕೂ ಗೋಡೆಗೂ ನಡುವೆ ಜೇಡ ಬಲೆ ಕಟ್ಟಿತ್ತು, ಒಂದು ಎಳೆಯೂ ಹರಿದಿರಲಿಲ್ಲ. ಇಂಜಿನ್ನು ಗೋಣಿಯ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ಎಡಗಡೆಯ ಸೀಟಿನಲ್ಲಿ ನನ್ನ ಮಗಳು ಕೂತಿದ್ದಳು. ಮಲಗಿರಲಿಲ್ಲ, ಅಳುತ್ತಿರಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ನೇರ ಮುಂದಕ್ಕೆ, ರಸ್ತೆ ನೋಡುವವರ ಹಾಗೆ, ನೋಡುತ್ತಿದ್ದಳು.

ನಾನು ಅವಳನ್ನು ಎತ್ತಿಕೊಂಡೆ. ಮೈ ತಣ್ಣಗಿತ್ತು, ಕೂದಲಲ್ಲಿ ಧೂಳಿತ್ತು. ಯಾರು ಕರೆದುಕೊಂಡು ಬಂದರು ಎಂದು ಕೇಳಿದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂಬಂತೆ ಅವಳು ನನ್ನ ಮುಖ ನೋಡಿದಳು.

"ನೀನೇ ಕರ್ಕಂಡು ಬಂದ್ಯಲ್ಲಪ್ಪ. ಟೋಪಿ ಹಾಕ್ಕಂಡು. ಎಷ್ಟು ಮಾತಾಡ್ಸಿದ್ರೂ ಮಾತೇ ಆಡ್ಲಿಲ್ಲ ನೀನು."

ಬಾಷಾ ಸಾಹೇಬರು ತಮ್ಮ ಭಾಷೆಯಲ್ಲಿ ಏನೋ ದೇವರ ಹೆಸರು ಹೇಳಿಕೊಂಡರು. ಅವರ ದೃಷ್ಟಿ ಬಲಗಡೆಯ ಸೀಟಿನ ಮೇಲಿತ್ತು. ಅಲ್ಲಿ ಹ್ಯಾಂಡಲ್ ಬಿದ್ದಿತ್ತು. ಅದನ್ನು ತಂದ ದಿನವೇ ತಮ್ಮ ಮನೆಯ ಅಟ್ಟದ ಮೇಲೆ ಇಟ್ಟಿದ್ದಾಗಿಯೂ, ಶೆಡ್ಡಿಗೆ ತಂದೇ ಇರಲಿಲ್ಲವೆಂದೂ ಹೇಳಿದರು. ಹೆಗಲ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ತಗಳ್ಳಿ ಸ್ವಾಮಿ. ಈಗ ಪಟ್ಟಿ ಗಿಟ್ಟಿ ಬ್ಯಾಡ." ಬಟ್ಟೆಯೊಳಗಿಂದ ಅದು ಬೆಚ್ಚಗಿದ್ದಂತೆ ತೋರಿತು. ನನ್ನ ಕೈಯೇ ಅಷ್ಟು ತಣ್ಣಗಾಗಿತ್ತೋ ಏನೋ, ಪ್ರಮಾಣ ಮಾಡಿ ಹೇಳಲಾರೆ.

ಮಾರನೆಯ ವಾರ ಮತ್ತೆ ಹೋಗಿ ಶೆಡ್ಡನ್ನು ಅಳೆದೆ. ಬಾಗಿಲ ಕೆಳಗಿನ ಸಂದು ಮೂರು ಅಂಗುಲ. ಕಿಟಕಿ ಒಂದೇ, ಅದಕ್ಕೆ ಸರಳು. ಹೆಂಚು ಒಂದೂ ಸರಿದಿರಲಿಲ್ಲ. ಸಂಜೆಯ ರೈಲಿನಲ್ಲಿ ಯಾರಾದರೂ ಮಗುವನ್ನು ಕರೆದೊಯ್ದರೇ ಎಂದು ಎರಡು ಸ್ಟೇಷನ್ನುಗಳಲ್ಲೂ ವಿಚಾರಿಸಿದೆ, ನೋಡಿದವರಿಲ್ಲ. ಮಾವನವರಿಗೆ ಹೇಳಿದಾಗ ಅವರು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಹ್ಯಾಂಡಲನ್ನು ನನ್ನ ಹೆಂಡತಿ ಕೊಟ್ಟಿಗೆಯಲ್ಲಿ ಹಳೆಯ ಹಗ್ಗಗಳ ಜೊತೆ ತೂಗುಹಾಕಿದಳು. ಹಾರನ್ ಮತ್ತೆ ಕೇಳಿಸಲಿಲ್ಲ.

ಆ ದಿನಗಳಲ್ಲಿ ಒಂದು ಬೆಳಗ್ಗೆ ಅವಳು ನನಗೆ ಕಾಫಿ ಕೊಡುತ್ತ, ಮುಖ ನೋಡದೆ ಕೇಳಿದಳು: "ನಿಜ ಹೇಳಿ. ಆವತ್ತು ಆರು ಗಂಟೆಗೆ ನೀವು ಎಲ್ಲಿದ್ರಿ?" ನಾನು ಸಿಟ್ಟಾಗಲಿಲ್ಲ. ಡೈರಿ ತಂದು ತೋರಿಸಿದೆ. ಅವಳು ಓದಿ ಒಳಗೆ ಹೋದಳು.

ಗೌರಿಗೆ ಈಗ ಮಕ್ಕಳಿದ್ದಾರೆ. ರಜೆಗೆ ಬಂದಾಗ ಅವರಿಗೆ ಈ ಕಥೆ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಭಯವೇ ಇಲ್ಲ. ತಾತ ಒಂದು ಸಂಜೆ ಕೆಂಪಿಯಲ್ಲಿ ಬಂದು ತನ್ನನ್ನು ಕಡೂರಿನವರೆಗೆ ಸವಾರಿ ಕರೆದುಕೊಂಡು ಹೋದರು, ಅಜ್ಜಿ ಬೈಯುತ್ತಾರೆಂದು ಇವತ್ತಿಗೂ ಒಪ್ಪಿಕೊಳ್ಳುವುದಿಲ್ಲ ಎಂದು ನಗುತ್ತಾಳೆ. ಮಕ್ಕಳೂ ನಗುತ್ತವೆ. ನಾನು ಅಲ್ಲ ಎನ್ನುವುದನ್ನು ಬಿಟ್ಟಿದ್ದೇನೆ. ಅಂದು ಅವಳ ಪಕ್ಕದಲ್ಲಿ ಮಾತಾಡದೆ ಕೂತು ಓಡಿಸಿದವನು ನಾನಲ್ಲವಾದರೆ ಯಾರು ಎಂದು ಅವಳು ಯೋಚಿಸುವುದು ನನಗೆ ಬೇಡ.

ಆದರೆ ಅವರೆಲ್ಲ ಮಲಗಿದ ಮೇಲೆ ಆ ವರ್ಷದ ಡೈರಿಯನ್ನು ತೆಗೆದು ನೋಡುತ್ತೇನೆ. "ಆರು ಗಂಟೆ. ಅಂತರಘಟ್ಟೆ ರಸ್ತೆ, ಮೋರಿಯ ಬಳಿ." ಅಕ್ಷರ ನನ್ನದೇ. ನಾನು ಅಲ್ಲಿದ್ದೆ ಎಂಬುದಕ್ಕೆ ಈಗ ನನ್ನ ಹತ್ತಿರ ಉಳಿದಿರುವುದು ಅದೊಂದೇ ಸಾಲು.