ಕುಚ್ಚಲಕ್ಕಿ ಬೇಯುವ ಗಂಟೆ

ಆ ಕುಕ್ಕರನ್ನು ನಾನು ಪ್ರೀತಿಯಿಂದ ತರಲಿಲ್ಲ, ಪ್ರಮೀಳಾ. ಹೊಟ್ಟೆಕಿಚ್ಚಿನಿಂದ ತಂದೆ. ಹದಿನೆಂಟು ವರ್ಷ ಈ ಮಾತನ್ನು ಬಾಯಲ್ಲಿಟ್ಟುಕೊಂಡೇ ಊಟ ಮಾಡಿದ್ದೇನೆ — ಅದೇ ಕುಕ್ಕರಿನ ಅನ್ನ, ನೀನೇ ಬಡಿಸಿದ್ದು. ಈಗಲೂ ಮುಖಕ್ಕೆ ಹೇಳುವ ಧೈರ್ಯವಿಲ್ಲದೆ ಕಾಗದಕ್ಕೆ ಹೇಳುತ್ತಿದ್ದೇನೆ. ಅದಕ್ಕೂ ನನ್ನ ಮೇಲೆ ನನಗೆ ಸಿಟ್ಟಿದೆ.

ಆಗ ಕುದ್ರೋಳಿಯ ಮನೆಯಲ್ಲಿ ನೀನು ಐದೂವರೆಗೆ ಏಳುತ್ತಿದ್ದೆ. ಕುಚ್ಚಲಕ್ಕಿ ಬೇಯಲು ಒಂದು ಗಂಟೆ ಬೇಕು. ಗಂಜಿ ಉಕ್ಕಿ ಚೆಲ್ಲದಂತೆ ಯಾರಾದರೂ ಹತ್ತಿರ ಇರಬೇಕು. ಹಾಗಾಗಿ ಆ ಹೊತ್ತಿಗೆ ನಿನ್ನನ್ನು ಯಾರೂ ಕರೆಯುತ್ತಿರಲಿಲ್ಲ. ನನ್ನ ಅಮ್ಮ ಕೂಡ ಬಿಸಿನೀರು ಕೇಳುತ್ತಿರಲಿಲ್ಲ. ನೀನು ಒಲೆಯ ಪಕ್ಕ ಸ್ಟೂಲಿನಲ್ಲಿ ಕುಳಿತು, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಕಥೆ ಬರೆಯುತ್ತಿದ್ದೆ. ಮತ್ತೆ ಮಕ್ಕಳು, ಕದ್ರಿಯಲ್ಲಿ ನಿನ್ನ ಆಫೀಸು, ಸಂಜೆಯ ಮೀನು — ಇಡೀ ದಿನದಲ್ಲಿ ನಿನ್ನದು ಅಂತ ಇದ್ದದ್ದು ಅದೊಂದೇ ಗಂಟೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದೇ ವಾರದಲ್ಲಿ ಎರಡು ಲಕೋಟೆ ಬಂದವು. ನನ್ನ ಕಥೆ ವಾಪಸು ಬಂದಿತ್ತು. ನಿನ್ನದು ಅಚ್ಚಾಗಿತ್ತು, "ಇನ್ನೊಂದು ಕಳುಹಿಸಿ" ಎಂದು ಸಂಪಾದಕರು ಕೈಯಾರೆ ಬರೆದಿದ್ದರು. ಕಥೆಗಾರ ಅಂತ ಊರಲ್ಲಿ ಎದೆಯುಬ್ಬಿಸಿ ತಿರುಗುತ್ತಿದ್ದವನು ನಾನು. ಭಾನುವಾರ ಹೋಗಿ ಕುಕ್ಕರ್ ತಂದೆ.

"ಎಂತಕ್ಕೆ ಮಾರಾಯ್ರೆ ಇದು? ಪಾತ್ರೆಯಲ್ಲೇ ಅನ್ನ ಆಗ್ತಾ ಉಂಟಲ್ಲ" ಎಂದು ನೀನು ಕೇಳಿದೆ.

"ಇನ್ನು ನೀನು ಒಲೆ ಕಾಯುವುದು ಬೇಡ" ಎಂದು ನಾನು ಹೇಳಿದೆ. ಹೆಂಡತಿಯ ಕಷ್ಟ ತಿಳಿದ ಗಂಡ ಎಂದು ಅಮ್ಮ ನನ್ನನ್ನು ಹೊಗಳಿದರು.

ನಾಲ್ಕು ವಿಸಿಲ್ ಆದರೆ ಅನ್ನ ಆಯಿತು, ಕುಕ್ಕರಿಗೆ ಯಾರ ಕಾವಲೂ ಬೇಡ. ಉಳಿದ ಸಮಯಕ್ಕೆ ಅಮ್ಮನ ಬಿಸಿನೀರು, ಮಕ್ಕಳ ಟಿಫಿನ್, ನನ್ನ ಶರ್ಟಿನ ಇಸ್ತ್ರಿ ಬಂದು ಕುಳಿತವು. ನಾನು — ಹೌದು, ಅದೇ ಹೊತ್ತಿಗೆ — ಕೋಣೆಯ ಬಾಗಿಲು ಹಾಕಿಕೊಂಡು ಬರೆಯತೊಡಗಿದೆ. ಚಾ ಕೂಡ ನೀನೇ ತಂದಿಟ್ಟೆ. ನನ್ನ ಮೂರು ಪುಸ್ತಕಗಳು ಆ ಗಂಟೆಯಲ್ಲಿ ಆದವು. ಅರ್ಧಕ್ಕೆ ನಿಂತ ನಿನ್ನ ಎರಡನೆಯ ಕಥೆಯ ಹಾಳೆಯನ್ನು ಅಮ್ಮ ಡಬ್ಬಿಗಳ ಅಡಿಗೆ ಹಾಸಿದ್ದನ್ನು ನೋಡಿಯೂ ನಾನು ಎತ್ತಿಡಲಿಲ್ಲ.

ಕಳೆದ ವಾರ ನನ್ನ ಪುಸ್ತಕ ಬಿಡುಗಡೆಯಲ್ಲಿ ಒಬ್ಬಳು ಕೇಳಿದಳು: "ಸರ್, ಇಷ್ಟು ಕೆಲಸದ ನಡುವೆ ಬರೀಲಿಕ್ಕೆ ಟೈಮ್ ಹೇಗೆ ಸಿಗ್ತದೆ?"

"ಟೈಮ್ ಎಲ್ಲರಿಗೂ ಉಂಟು. ಮನಸ್ಸು ಬೇಕು ಅಷ್ಟೆ" ಎಂದೆ. ಜನ ಚಪ್ಪಾಳೆ ತಟ್ಟಿದರು. ನೀನು ಎರಡನೆಯ ಸಾಲಿನಲ್ಲಿದ್ದೆ. ನನ್ನ ಆ ನಾಲಿಗೆಗೆ ಬರೆ ಹಾಕಬೇಕಿತ್ತು.

ರಿಕ್ಷಾದಲ್ಲಿ ಬರುವಾಗ ನೀನು ಹೇಳಿದ್ದು ಇಷ್ಟೆ: "ಕುಕ್ಕರಿನ ಗ್ಯಾಸ್ಕೆಟ್ ತನ್ನಿ ಅಂತ ಹೇಳಿ ಒಂದು ತಿಂಗಳಾಯ್ತು. ಅದಕ್ಕೆ ಮಾತ್ರ ನಿಮಗೆ ಟೈಮ್ ಇಲ್ಲ, ಅಲ್ವಾ?"

ಗ್ಯಾಸ್ಕೆಟ್ ತರಲಿಲ್ಲ. ಇವತ್ತು ಬೆಳಿಗ್ಗೆ ಅಟ್ಟದಿಂದ ಹಳೆಯ ಪಾತ್ರೆ ಇಳಿಸಿ ನಾನೇ ಅಕ್ಕಿ ಇಟ್ಟೆ. ನಿನ್ನನ್ನು ನನ್ನ ಮೇಜಿಗೆ ಕಳುಹಿಸಿ ಬಾಗಿಲು ಎಳೆದೆ. ಒಂದು ಗಂಟೆ ಕಳೆದು ನೀನು ಹೊರಗೆ ಬಂದೆ, ಹಾಳೆ ಖಾಲಿಯಿತ್ತು.

"ಎಂತದ್ದೂ ಬರುದಿಲ್ಲ. ಎಲ್ಲ ಮರ್ತು ಹೋಗಿದೆ" ಎಂದು ನೀನು ತಟ್ಟೆ ಇಡಲು ಹೋದೆ.

ಮರೆಸಿದವನು ನಾನು. ಕ್ಷಮೆ ಕೇಳಿ ಹಗುರಾಗುವ ಯೋಗ್ಯತೆಯೂ ನನಗೆ — ಬೇಡ, ಅದನ್ನು ಕೇಳುವುದಿಲ್ಲ. ಈ ಕಾಗದವನ್ನು ನಿನ್ನ ಖಾಲಿ ಹಾಳೆಯ ಪಕ್ಕ ಇಡುತ್ತೇನೆ. ನಾಳೆ ಐದೂವರೆಗೆ ಅಕ್ಕಿ ಇಡುವವನು ನಾನೇ, ನಾಡಿದ್ದೂ ನಾನೇ. ನೀನು ಬರೆಯುವ ಮೊದಲ ಸಾಲು ನನ್ನನ್ನು ಉಗಿಯುವುದೇ ಆಗಿರಲಿ; ಅದು ಮುಗಿಯುವ ತನಕ ಗಂಜಿ ಉಕ್ಕದಂತೆ ನೋಡಿಕೊಳ್ಳುತ್ತೇನೆ.